ಫಾರ್ಮಾಸಿಸ್ಟ್ ಗೋಡೆಯ ಮೇಲಿದ್ದಾರೆ

ಸೆಪ್ಟೆಂಬರ್ 25 ಕಳೆದ ಮರುದಿನ ಜಿಲ್ಲಾ ಪುಟಗಳಲ್ಲೆಲ್ಲ ಒಂದೇ ಸುದ್ದಿ. ಊರಿನ ಹೆಸರು ಮಾತ್ರ ಬೇರೆ. ‘ವಿಶ್ವ ಫಾರ್ಮಾಸಿಸ್ಟ್ ದಿನ: ಔಷಧ ವಿಜ್ಞಾನ ಕಾಲೇಜಿನಿಂದ ಜಾಗೃತಿ ಜಾಥಾ.’ ಕೆಳಗೊಂದು ಚಿತ್ರ. ಬ್ಯಾನರ್ ಹಿಡಿದು ನಿಂತವರು ಪ್ರಾಂಶುಪಾಲರು, ಆಡಳಿತ ಮಂಡಳಿಯ ಕಾರ್ಯದರ್ಶಿಗಳು, ಹಸಿರು ನಿಶಾನೆ ತೋರಿಸಲು ಬಂದ ಅಧಿಕಾರಿ ಮತ್ತು ಯಾಕೆ ಬಂದರೋ ಅವರಿಗೇ ಗೊತ್ತಿಲ್ಲದ ಇಬ್ಬರು ಮಾಜಿ ಸದಸ್ಯರು. ಬಿಸಿಲಿನಲ್ಲಿ ನಡೆದ ವಿದ್ಯಾರ್ಥಿಗಳು ಬ್ಯಾನರಿನ ಹಿಂದಿದ್ದಾರೆ. ಅಲ್ಲೊಂದು ಇಲ್ಲೊಂದು ಬಿಳಿ ಕೋಟಿನ ತೋಳು ಕಾಣುತ್ತದೆ, ಅಷ್ಟೆ.

ತಾರೀಖಿನ ಹಿಂದೆ ಒಂದು ಗಂಭೀರ ಕಥೆಯಿದೆ. ಫಾರ್ಮಾಸಿಸ್ಟರ ಅಂತರರಾಷ್ಟ್ರೀಯ ಒಕ್ಕೂಟ ಹೇಗ್ ನಗರದಲ್ಲಿ ಹುಟ್ಟಿದ್ದು 1912ರ ಸೆಪ್ಟೆಂಬರ್ 25ರಂದು. ಆ ದಿನವನ್ನು ಲೋಕವೆಲ್ಲ ಆಚರಿಸಲಿ ಎಂದು 2009ರಲ್ಲಿ ಇಸ್ತಾಂಬುಲ್‌ನಲ್ಲಿ ಸೇರಿದ ಸಭೆ ತೀರ್ಮಾನಿಸಿತು. ಪಾಪ, ಇಸ್ತಾಂಬುಲ್‌ನವರು ತಾರೀಖು ಗೊತ್ತು ಮಾಡುವಾಗ ನಮ್ಮ ಮುಖ್ಯ ಅತಿಥಿಗಳ ಬಿಡುವು ವಿಚಾರಿಸಿರಲಿಲ್ಲ. ಹಾಗಾಗಿ ನಮ್ಮಲ್ಲಿ ಸೆಪ್ಟೆಂಬರ್ 25 ಒಮ್ಮೊಮ್ಮೆ 27ನೇ ತಾರೀಖು ಬರುತ್ತದೆ, ಒಮ್ಮೊಮ್ಮೆ ದಸರಾ ರಜೆ ಮುಗಿದ ಮೇಲಿನ ಮಂಗಳವಾರ ಬರುತ್ತದೆ. ಬ್ಯಾನರಿನಲ್ಲಿ ಮಾತ್ರ 25 ಎಂದೇ ಇರುತ್ತದೆ. ಮುದ್ರಣದವನಿಗೆ ಮುಂಗಡ ಕೊಟ್ಟಾಗಿರುತ್ತದಲ್ಲ.

ಜಾಥಾ ಎಂದರೆ ಬರೀ ಜಾಥಾ ಅಲ್ಲ, ಆಮೇಲೆ ಸಭಾ ಕಾರ್ಯಕ್ರಮ ಇರುತ್ತದೆ. ಅದರ ಆಮಂತ್ರಣ ಪತ್ರಿಕೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ಓದಬೇಕು. ದಿವ್ಯ ಸಾನ್ನಿಧ್ಯ, ಘನ ಉಪಸ್ಥಿತಿ, ಉದ್ಘಾಟನೆ, ಅಧ್ಯಕ್ಷತೆ, ಮುಖ್ಯ ಅತಿಥಿ, ಗೌರವ ಅತಿಥಿ, ವಿಶೇಷ ಆಹ್ವಾನಿತರು ಎಂದು ಹೆಸರುಗಳು ಹಂತಹಂತವಾಗಿ ಇಳಿಯುತ್ತವೆ, ಅಕ್ಷರಗಳೂ ಅದರ ಜೊತೆಗೇ ಸಣ್ಣದಾಗುತ್ತವೆ. ಕಟ್ಟಕಡೆಯಲ್ಲಿ, ‘ಎಲ್ಲರಿಗೂ ಆದರದ ಸ್ವಾಗತ’ ಎನ್ನುವುದಕ್ಕಿಂತ ಸ್ವಲ್ಪ ಮೇಲೆ, ಇರುವೆಗಾತ್ರದಲ್ಲಿ ‘ಉಪನ್ಯಾಸ’ ಎಂದಿರುತ್ತದೆ. ದೂರದಿಂದ ರಾತ್ರಿ ಬಸ್ಸಿನಲ್ಲಿ ಬಂದ ಆ ಉಪನ್ಯಾಸಕ, ಪ್ರತಿಜೀವಕಗಳ ದುರ್ಬಳಕೆಯ ಬಗ್ಗೆ ತಯಾರಿ ಮಾಡಿಕೊಂಡು, ಪೆನ್‌ಡ್ರೈವ್ ಜೇಬಿನಲ್ಲಿಟ್ಟುಕೊಂಡು ಕೂತಿರುತ್ತಾರೆ. ದೀಪ ಹಚ್ಚಲು ಬೆಂಕಿಪೊಟ್ಟಣ ಹುಡುಕಿ, ಪ್ರಾರ್ಥನೆ ಮುಗಿಸಿ, ಶಾಲು ಹೊದಿಸಿ, ಪೇಟ ತೊಡಿಸಿ, ತೊಡಿಸಿದ ಪೇಟವನ್ನು ಮುಂದಿನವರಿಗಾಗಿ ಬಿಚ್ಚಿ, ಅಧ್ಯಕ್ಷರು ‘ಸಮಯದ ಅಭಾವವಿದೆ’ ಎಂದು ಮುಕ್ಕಾಲು ಗಂಟೆ ಮಾತನಾಡಿದ ಮೇಲೆ ಅವರ ಸರದಿ ಬರುತ್ತದೆ. ಅಷ್ಟರಲ್ಲಿ ಹಿಂದಿನಿಂದ ಪಲಾವಿನ ವಾಸನೆ ಬಂದಿರುತ್ತದೆ. ಊಟದ ವಾಸನೆಯ ಎದುರು ಪ್ರತಿಜೀವಕ ಎಲ್ಲಿ ನಿಲ್ಲುತ್ತದೆ? ‘ಎರಡೇ ಮಾತಿನಲ್ಲಿ ಮುಗಿಸಿಬಿಡಿ ಸರ್’ ಎಂಬ ಚೀಟಿ ವೇದಿಕೆಗೆ ಬರುತ್ತದೆ. ವರದಿಯಲ್ಲಿ ಅವರ ಹೆಸರು ‘ಮತ್ತಿತರರು ಉಪಸ್ಥಿತರಿದ್ದರು’ ಎಂಬಲ್ಲಿ ಕರಗಿಹೋಗುತ್ತದೆ.

ಔಷಧ ವಿಜ್ಞಾನ ಕಾಲೇಜಿನ ಪಂಚಾಂಗದಲ್ಲಿ ಇಂಥ ಹಬ್ಬಗಳಿಗೆ ಬರವಿಲ್ಲ. ಮಾರ್ಚ್ 6 ರಾಷ್ಟ್ರೀಯ ಫಾರ್ಮಸಿ ಶಿಕ್ಷಣ ದಿನ, ಮಹಾದೇವ ಲಾಲ್ ಶ್ರಾಫ್ ಅವರ ಜನ್ಮದಿನ. 1932ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಈ ಶಿಕ್ಷಣಕ್ಕೆ ಅಡಿಗಲ್ಲು ಹಾಕಿದ ಮನುಷ್ಯ. ಔಷಧ ಕೊಡುವ ಕೆಲಸಕ್ಕೂ ಓದು ಬೇಕು, ಅದು ಬರೀ ಪೊಟ್ಟಣ ಕಟ್ಟಿಕೊಡುವ ಕಸುಬಲ್ಲ ಎಂದು ನಂಬಿದವರು. ಅವರೇ ಇಂದು ಸಮಾರಂಭಕ್ಕೆ ಬಂದರೆ ಎರಡನೇ ಸಾಲಿನಲ್ಲಿ ಕೂರಬೇಕಾಗುತ್ತದೆ, ಮೊದಲನೇ ಸಾಲು ಆಡಳಿತ ಮಂಡಳಿಗೆ ಮೀಸಲು.

ನವೆಂಬರ್ ಮೂರನೇ ವಾರ ರಾಷ್ಟ್ರೀಯ ಫಾರ್ಮಸಿ ಸಪ್ತಾಹ. ಕರ್ನಾಟಕದಲ್ಲಿ ನವೆಂಬರ್ ಇಡೀ ತಿಂಗಳು ರಾಜ್ಯೋತ್ಸವವಾದ್ದರಿಂದ ಎರಡೂ ಒಂದೇ ಶಾಮಿಯಾನದಲ್ಲಿ ಸುಸೂತ್ರವಾಗಿ ನೆರವೇರುತ್ತವೆ. ಸಪ್ತಾಹ ಎಂದರೆ ಏನು ಮಾಡುತ್ತಾರೆ ಎಂದು ಹೊರಗಿನವರು ಕೇಳಬಹುದು. ಮೊದಲನೇ ದಿನ ರಂಗೋಲಿ ಸ್ಪರ್ಧೆ. ಎರಡನೇ ದಿನ ಬೆಂಕಿ ಇಲ್ಲದ ಅಡುಗೆ. ಮೂರನೇ ದಿನ ಸಾಂಪ್ರದಾಯಿಕ ಉಡುಗೆ. ಆಮೇಲೆ ಹಗ್ಗಜಗ್ಗಾಟ. ಫಾರ್ಮಸಿ ಎಲ್ಲಿ ಬಂತು ಎಂದು ಆಕ್ಷೇಪಿಸಬೇಡಿ, ರಂಗೋಲಿಯಲ್ಲಿ ಬಂದಿದೆ. ಅರ್ಧ ಹಳದಿ ಅರ್ಧ ಕೆಂಪು ಬಣ್ಣದ ಕ್ಯಾಪ್ಸೂಲ್ ಬಿಡಿಸಿದ ಹುಡುಗಿಗೆ ಮೊದಲ ಬಹುಮಾನ. ನಾಡೂ ಆಯಿತು, ಔಷಧವೂ ಆಯಿತು, ಒಂದೇ ಗುಳಿಗೆಯಲ್ಲಿ. ಈ ವ್ಯಂಗ್ಯದ ನಡುವೆಯೂ ಹೇಳುತ್ತೇನೆ, ಆ ಹುಡುಗಿಯ ಕೈಚಳಕದಲ್ಲಿ ಕೊರತೆಯಿರಲಿಲ್ಲ.

ಇನ್ನು ‘ಅಂತರರಾಷ್ಟ್ರೀಯ’ ಸಮ್ಮೇಳನ. ಇದಕ್ಕೆ ಬೇಕಾದ್ದು ನ್ಯೂಜೆರ್ಸಿಯಲ್ಲಿರುವ ಒಬ್ಬ ಹಳೆಯ ವಿದ್ಯಾರ್ಥಿ ಮತ್ತು ಅಂತರ್ಜಾಲ ಸಂಪರ್ಕ. ಆತ ಅಲ್ಲಿ ನಡುರಾತ್ರಿ ಎದ್ದು ಪರದೆಯ ಮೇಲೆ ಕಾಣಿಸಿಕೊಂಡು ತುಟಿ ಆಡಿಸುತ್ತಾನೆ. ‘ಸರ್, ನಿಮ್ಮ ಧ್ವನಿ ಕೇಳಿಸುತ್ತಿಲ್ಲ’ ಎಂದು ಇಲ್ಲಿಂದ ಕೂಗುತ್ತಾರೆ. ಅವನು ತುಟಿ ಆಡಿಸಿಯೇ ಆಡಿಸುತ್ತಾನೆ. ಅಲ್ಲಿಗೆ ಸಮ್ಮೇಳನ ಅಂತರರಾಷ್ಟ್ರೀಯವಾಯಿತು. ಮಧ್ಯಾಹ್ನ ಒಂದು ಒಡಂಬಡಿಕೆ. ಇಬ್ಬರು ಒಂದು ಫೈಲನ್ನು ಎರಡು ತುದಿಯಲ್ಲಿ ಹಿಡಿದು ಪರಸ್ಪರ ನೋಡದೆ ಕ್ಯಾಮೆರಾ ನೋಡುತ್ತಾರೆ. ಆ ಫೈಲನ್ನು ಮತ್ತೆ ಯಾರಾದರೂ ತೆರೆಯುವುದು ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬಂದಾಗಲೇ.

ಇವೆಲ್ಲದರ ಕೊನೆಗೆ ಪ್ರಮಾಣಪತ್ರ. ಬಂದವರಿಗೆ, ಬರದೇ ಹಣ ಕಟ್ಟಿದವರಿಗೆ, ಭಿತ್ತಿಪತ್ರ ಅಂಟಿಸಿದವರಿಗೆ, ಅಂಟಿಸಲು ಗೋಂದು ತಂದವರಿಗೆ. ಅನಿಸಿಕೆಯ ನಮೂನೆ ತುಂಬಿದರೆ ಮಿಂಚಂಚೆಯಲ್ಲಿ ಬರುತ್ತದೆ. ನಾಲ್ಕು ವರ್ಷ ಬಿ.ಫಾರ್ಮ್ ಮುಗಿಸುವ ಹೊತ್ತಿಗೆ ವಿದ್ಯಾರ್ಥಿಯ ಕೈಯಲ್ಲಿ ಇಂಥ ಒಂದು ದಪ್ಪ ಕಟ್ಟಿರುತ್ತದೆ. ಇದು ವ್ಯರ್ಥ ಎಂದುಕೊಳ್ಳಬೇಡಿ. ಈ ವೃತ್ತಿಯಲ್ಲಿ ಮನುಷ್ಯನಿಗಿಂತ ಪ್ರಮಾಣಪತ್ರಕ್ಕೇ ಹೆಚ್ಚು ಕೆಲಸವಿದೆ ಎಂಬುದನ್ನು ಮುಂದೆ ನೋಡಲಿದ್ದೇವೆ.

ಸಪ್ತಾಹದಲ್ಲಿ ನಿಜಕ್ಕೂ ಕಸುಬಿಗೆ ಸಂಬಂಧಪಟ್ಟದ್ದು ಒಂದಿದೆ: ರೋಗಿಗೆ ತಿಳಿಹೇಳುವ ಸ್ಪರ್ಧೆ. ಒಬ್ಬ ವಿದ್ಯಾರ್ಥಿ ಫಾರ್ಮಾಸಿಸ್ಟ್, ಇನ್ನೊಬ್ಬ ರೋಗಿ. ಇಬ್ಬರೂ ಮಂಡ್ಯದ ಕಡೆಯವರೇ ಆಗಿರಲಿ, ಸ್ಪರ್ಧೆ ಇಂಗ್ಲಿಷಿನಲ್ಲಿ. ರೋಗಿ ಬಹಳ ಸಂಭಾವಿತ. ತನಗೆ ಎಷ್ಟು ದಿನದಿಂದ ಮಧುಮೇಹವಿದೆ, ಯಾವ ಮಾತ್ರೆ ಎಷ್ಟು ಮಿಲಿಗ್ರಾಂ, ಯಾವುದಕ್ಕೆ ಅಲರ್ಜಿ, ಎಲ್ಲವನ್ನೂ ತಡವರಿಸದೆ ಒಪ್ಪಿಸುತ್ತಾನೆ. ಫಾರ್ಮಾಸಿಸ್ಟ್ ಮುಗುಳ್ನಗುತ್ತ ಅಡ್ಡಪರಿಣಾಮ ವಿವರಿಸುತ್ತಾನೆ. ಕೊನೆಗೆ ಕೈಕುಲುಕುತ್ತಾರೆ. ತೀರ್ಪುಗಾರರು ಕಣ್ಣಿನ ಸಂಪರ್ಕಕ್ಕೆ ಬೇರೆ ಅಂಕ ಕೊಡುತ್ತಾರೆ.

ಅದೇ ಹೊತ್ತಿಗೆ ಕಾಲೇಜಿನ ಗೇಟಿನ ಎದುರಿನ ಔಷಧ ಅಂಗಡಿಗೆ ಒಬ್ಬ ಅಜ್ಜಿ ಬಂದಿರುತ್ತಾರೆ. ಸೆರಗಿನ ಗಂಟು ಬಿಚ್ಚಿ ಖಾಲಿ ಸ್ಟ್ರಿಪ್‌ನ ಒಂದು ತುಂಡು ತೆಗೆದು ಕೌಂಟರಿನ ಮೇಲಿಡುತ್ತಾರೆ. ‘ಇದೇ ಬಣ್ಣದ್ದು ಕೊಡಪ್ಪ, ಐದು ದಿನಕ್ಕೆ ಸಾಕು.’ ಕೌಂಟರಿನಲ್ಲಿರುವವನು ಪಿಯುಸಿ ಅರ್ಧಕ್ಕೆ ಬಿಟ್ಟ ಹುಡುಗ. ಬೆಳಿಗ್ಗೆ ಅಂಗಡಿ ಗುಡಿಸುವವನೂ ಅವನೇ, ಡಬ್ಬ ಇಳಿಸುವವನೂ ಅವನೇ. ಕತ್ತರಿ ತೆಗೆದು ಹೊಸ ಸ್ಟ್ರಿಪ್ಪನ್ನು ಕತ್ತರಿಸುತ್ತಾನೆ. ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ತಿಂಗಳು ಇರುವ ತುದಿ ಅಂಗಡಿಯಲ್ಲೇ ಉಳಿಯುತ್ತದೆ, ಮಾತ್ರೆ ಅಜ್ಜಿಯ ಜೊತೆ ಹೋಗುತ್ತದೆ. ಜೊತೆಗೆ ಥೈರಾಯ್ಡ್ ಮಾತ್ರೆಯೂ ಒಂದಿಷ್ಟು. ಯಾವುದು ಯಾವಾಗ ಎಂದು ಅಜ್ಜಿ ಕೇಳಿದರೆ ಹುಡುಗ ಕಾಗದದ ಲಕೋಟೆಯ ಮೇಲೆ ಪೆನ್ನಿನಿಂದ ಎರಡು ಗೀಟು ಎಳೆದು, ‘ಎಲ್ಲವೂ ಊಟ ಆದ ಮೇಲೆ ಅಜ್ಜಿ’ ಎನ್ನುತ್ತಾನೆ. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗಬೇಕಾದದ್ದು. ಇದನ್ನು ಎದುರಿನ ಕಟ್ಟಡದಲ್ಲಿ ಆಗತಾನೇ ಒಬ್ಬ ವಿದ್ಯಾರ್ಥಿ ಸೊಗಸಾದ ಇಂಗ್ಲಿಷಿನಲ್ಲಿ ಹೇಳಿ ಎರಡನೇ ಬಹುಮಾನ ಗೆದ್ದಿದ್ದಾನೆ.

ಹುಡುಗನನ್ನು ಬೈಯಬೇಡಿ. ಅವನಿಗೆ ಯಾರು ಹೇಳಿಕೊಟ್ಟಿದ್ದಾರೆ? ಹಾಗಾದರೆ ಫಾರ್ಮಾಸಿಸ್ಟ್ ಎಲ್ಲಿ ಎಂದು ಕೇಳಿದರೆ ಅವನು ಪ್ರಾಮಾಣಿಕವಾಗಿ ಮೇಲೆ ತೋರಿಸುತ್ತಾನೆ. ಲಕ್ಷ್ಮೀ, ಗಣಪತಿ, ಅವರ ಪಕ್ಕದಲ್ಲಿ ಊದುಬತ್ತಿಯ ಹೊಗೆ ಕುಡಿದು ಹಳದಿಯಾದ ಒಂದು ಚೌಕಟ್ಟು. ಅದರೊಳಗೆ ಫಾರ್ಮಾಸಿಸ್ಟ್. ಮನುಷ್ಯ ಬೆಂಗಳೂರಿನಲ್ಲಿ ಯಾವುದೋ ಕಂಪನಿಯಲ್ಲಿ ಮೆಡಿಕಲ್ ಕೋಡಿಂಗ್ ಮಾಡುತ್ತಾನೆ. ಅವನ ನೋಂದಣಿ ಪ್ರಮಾಣಪತ್ರ ಊರಿನಲ್ಲಿ ಔಷಧ ಮಾರುತ್ತದೆ. ಇಬ್ಬರೂ ದುಡಿಯುತ್ತಾರೆ. ಪ್ರಮಾಣಪತ್ರದ ತಿಂಗಳ ಬಾಡಿಗೆ ತಪ್ಪದೆ ಖಾತೆಗೆ ಬೀಳುತ್ತದೆ. ರಜೆ ಕೇಳುವುದಿಲ್ಲ, ಹೆರಿಗೆಗೆ ಹೋಗುವುದಿಲ್ಲ, ಸಂಬಳ ಹೆಚ್ಚಿಸಿ ಎನ್ನುವುದಿಲ್ಲ. ಮಾಲೀಕನಿಗೆ ಇದಕ್ಕಿಂತ ಒಳ್ಳೆಯ ನೌಕರ ಸಿಗುತ್ತಾನೆಯೇ?

ಕಾನೂನು ಇಲ್ಲವೇ? ಧಾರಾಳವಾಗಿದೆ. ನೋಂದಾಯಿತ ಫಾರ್ಮಾಸಿಸ್ಟ್ ಅಲ್ಲದವರು ವೈದ್ಯರ ಚೀಟಿಯ ಮೇಲೆ ಔಷಧ ಕೊಡುವಂತಿಲ್ಲ ಎನ್ನುತ್ತದೆ 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್. ದಶಕಗಳ ಕಾಲ ಇದಕ್ಕೆ ದಂಡ ಗರಿಷ್ಠ ಒಂದು ಸಾವಿರ ರೂಪಾಯಿ. 2023ರ ಜನ ವಿಶ್ವಾಸ್ ಕಾಯ್ದೆ ಬಂದು ಅದನ್ನು ಎರಡು ಲಕ್ಷಕ್ಕೆ ಏರಿಸಿತು, ಜೈಲುವಾಸವನ್ನು ಆರು ತಿಂಗಳಿನಿಂದ ಮೂರು ತಿಂಗಳಿಗೆ ಇಳಿಸಿತು. ಫಾರ್ಮಾಸಿಸ್ಟ್ ಬಿಳಿ ಕೋಟು ಧರಿಸಿ ಹೆಸರು, ನೋಂದಣಿ ಸಂಖ್ಯೆ ಇರುವ ಬಿಲ್ಲೆ ಹಾಕಿಕೊಂಡಿರಬೇಕು ಎಂದು 2015ರ ನಿಯಮಾವಳಿ ಹೇಳುತ್ತದೆ. ನಿಮ್ಮ ಬೀದಿಯ ಅಂಗಡಿಯಲ್ಲಿ ಆ ಬಿಲ್ಲೆ ನೋಡಿದ ನೆನಪಿದೆಯೇ? ಬಿಳಿ ಕೋಟು ಮಾತ್ರ ಕಾಲೇಜಿನಲ್ಲಿ ಸಂಭ್ರಮದಿಂದ ತೊಡಿಸುತ್ತಾರೆ. ತಂದೆತಾಯಿ ಊರಿನಿಂದ ಬರುತ್ತಾರೆ, ಫೋಟೊ ತೆಗೆಸುತ್ತಾರೆ, ಮಕ್ಕಳು ಮೇಣದಬತ್ತಿ ಹಿಡಿದು ಪ್ರತಿಜ್ಞೆ ಓದುತ್ತಾರೆ. ಆಮೇಲೆ ಆ ಕೋಟಿನ ಮೇಲೆ ಅಯೋಡಿನ್ ಕಲೆ ಬೀಳುತ್ತದೆ, ಪದವಿ ಮುಗಿಯುತ್ತದೆ, ಕೋಟು ಮಡಚಿ ಒಳಗೆ ಹೋಗುತ್ತದೆ.

ಕಾಲೇಜುಗಳು ಹೆಚ್ಚಾದವು ಎಂದು ಭಾರತೀಯ ಫಾರ್ಮಸಿ ಪರಿಷತ್ತಿಗೇ 2019ರಲ್ಲಿ ಅನಿಸಿತ್ತು. ಐದು ವರ್ಷ ಹೊಸ ಕಾಲೇಜು ಬೇಡ ಎಂದು ತಡೆ ಹಾಕಿತು. ಕರ್ನಾಟಕದ ಕಾಲೇಜೂ ಸೇರಿದಂತೆ ಹಲವರು ನ್ಯಾಯಾಲಯಕ್ಕೆ ಹೋದರು. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಶಿಕ್ಷಣ ಸಂಸ್ಥೆ ತೆರೆಯುವುದು ಮೂಲಭೂತ ಹಕ್ಕು, ಬರೀ ಠರಾವಿನಿಂದ ಅದನ್ನು ತಡೆಯಲಾಗದು ಎಂದಿತು. ಸರಿಯಾದ ಮಾತೇ. ತೆರೆಯುವ ಹಕ್ಕಿಗೆ ಹೋರಾಡಿದವರು ಇಷ್ಟೊಂದು ಮಂದಿ. ಓದಿ ಹೊರಬಂದವರು ಕೌಂಟರಿನ ಹಿಂದೆ ಮೈಯಾರೆ ನಿಲ್ಲುವ ಹಕ್ಕಿಗಾಗಿ, ನಿಂತರೆ ತಕ್ಕ ಸಂಬಳ ಸಿಗುವ ಹಕ್ಕಿಗಾಗಿ ಒಂದು ಅರ್ಜಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಇಲ್ಲಿಯವರೆಗೆ ನಕ್ಕದ್ದು ಸಾಕು.

2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ರಕ್ತನಾಳಕ್ಕೆ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂತು. ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು. ಅದು ಫಾರ್ಮಸಿ ಸಪ್ತಾಹದ ತಿಂಗಳು. ಮರುವರ್ಷ, ಫಾರ್ಮಾಸಿಸ್ಟ್ ದಿನದ ಹಿಂದುಮುಂದಿನ ವಾರಗಳಲ್ಲಿ, ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದ ಪುಟ್ಟ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಕಾಂಚೀಪುರಂನಲ್ಲಿ ತಯಾರಾದ ಆ ಸಿರಪ್ಪಿನಲ್ಲಿ 48.6 ಪ್ರತಿಶತ ಡೈಎಥಿಲೀನ್ ಗ್ಲೈಕಾಲ್ ಇತ್ತು. ಅರ್ಧ ಬಾಟಲಿ ವಿಷ. ಇದೇನು ಹೊಸ ವಿಷವಲ್ಲ. 1937ರಲ್ಲಿ ಅಮೆರಿಕದಲ್ಲಿ ಇದೇ ರಾಸಾಯನಿಕ ಬೆರೆತ ಔಷಧ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತದ್ದು, ಅದರಿಂದಲೇ ಅಲ್ಲಿ 1938ರ ಕಾಯ್ದೆ ಬಂದದ್ದು ನಮ್ಮ ಬಿ.ಫಾರ್ಮ್ ಮಕ್ಕಳಿಗೆ ಐದು ಅಂಕದ ಪ್ರಶ್ನೆ. ಬರೆದು ಪಾಸಾಗಿದ್ದಾರೆ. ಪಾಸಾದವರಲ್ಲಿ ಕೆಲವರು ಕಾರ್ಖಾನೆಗಳ ಗುಣಮಟ್ಟ ವಿಭಾಗದಲ್ಲಿದ್ದಾರೆ, ಕೆಲವರು ತಪಾಸಣೆಯ ಹುದ್ದೆಯಲ್ಲಿದ್ದಾರೆ.

ಕೌಂಟರಿನಲ್ಲಿ ನಿಂತ ಫಾರ್ಮಾಸಿಸ್ಟ್ ಬಾಟಲಿ ನೋಡಿಯೇ ಒಳಗೆ ವಿಷವಿದೆ ಎಂದು ಹೇಳಲಾರ, ಒಪ್ಪುತ್ತೇನೆ. ಆದರೆ ಆ ಸಿರಪ್ಪಿನಲ್ಲಿದ್ದ ಕ್ಲೋರ್‌ಫೆನಿರಮೈನ್ ಮತ್ತು ಫಿನೈಲ್ಎಫ್ರಿನ್ ಜೋಡಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು, ಹಾಗೆಂದು ಲೇಬಲ್ಲಿನ ಮೇಲೆ ಬರೆಯಬೇಕು ಎಂದು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ 2023ರ ಡಿಸೆಂಬರ್‌ನಲ್ಲೇ ಹೇಳಿತ್ತು. ಮಗುವಿನ ವಯಸ್ಸು ಎಷ್ಟು ಎಂದು ಕೇಳಲು ಒಬ್ಬ ಮನುಷ್ಯ ಬೇಕು. ಚೌಕಟ್ಟಿನೊಳಗಿನ ಕಾಗದ ಅದನ್ನು ಕೇಳುವುದಿಲ್ಲ. ಆ ಮನುಷ್ಯನನ್ನು ತಯಾರು ಮಾಡಲೆಂದೇ ಕಟ್ಟಿದ ಕಾಲೇಜುಗಳು ಅವನು ಕೊನೆಗೆ ಎಲ್ಲಿ ನಿಂತ ಎಂದು ಒಮ್ಮೆ ತಿರುಗಿ ನೋಡದೆ ಹಗ್ಗ ಜಗ್ಗಿಸುತ್ತಿವೆ. ಸುಸ್ತಾಗುತ್ತದೆ, ಇದನ್ನೆಲ್ಲ ಬರೆದೂ ಬರೆದೂ.

2025ರ ಫಾರ್ಮಾಸಿಸ್ಟ್ ದಿನದ ಘೋಷವಾಕ್ಯ ‘ಥಿಂಕ್ ಹೆಲ್ತ್, ಥಿಂಕ್ ಫಾರ್ಮಾಸಿಸ್ಟ್’ ಎಂದಿತ್ತು. ಆರೋಗ್ಯ ಎಂದೊಡನೆ ಫಾರ್ಮಾಸಿಸ್ಟ್ ನೆನಪಾಗಬೇಕಂತೆ. ನೆನಪಿಗೇನು ಬಡತನ, ಆಗುತ್ತಾರೆ. ನೋಡಲು ಸಿಗುವುದಿಲ್ಲ, ಅಷ್ಟೆ.

ಮುಂದಿನ ಸಲಕ್ಕೆ ನನ್ನದೊಂದು ಸಲಹೆ ಇದೆ, ಖರ್ಚಿಲ್ಲದ್ದು. ಜಾಥಾ ಬೇಡ. ವಿದ್ಯಾರ್ಥಿಗಳನ್ನು ಇಬ್ಬಿಬ್ಬರಂತೆ ಊರಿನ ಪ್ರತಿ ಔಷಧ ಅಂಗಡಿಗೆ ಕಳುಹಿಸಿ. ‘ಫಾರ್ಮಾಸಿಸ್ಟ್ ಇದ್ದಾರೆಯೇ? ಅವರನ್ನು ನೋಡಬೇಕಿತ್ತು’ ಎಂದು ಕೇಳಿ ಬರಲಿ. ಬಂದ ಉತ್ತರವನ್ನು ಅಂಗಡಿಯ ಹೆಸರಿನ ಮುಂದೆ ಬರೆದು ಕಾಲೇಜಿನ ಸೂಚನಾ ಫಲಕದಲ್ಲಿ ಹಾಕಲಿ. ಒಂದು ಮಧ್ಯಾಹ್ನದ ಕೆಲಸ, ಬೇಕಿದ್ದರೆ ಇದಕ್ಕೂ ಪ್ರಮಾಣಪತ್ರ ಕೊಡಿ. ಪರಿಚಯದ ಪ್ರಾಧ್ಯಾಪಕರೊಬ್ಬರ ಮುಂದೆ ಇದನ್ನಿಟ್ಟೆ. ಅವರು ಬಹಳ ಹೊತ್ತು ತಲೆದೂಗಿದರು, ಒಳ್ಳೆಯ ವಿಚಾರ ಎಂದರು, ಆಮೇಲೆ ಆಮಂತ್ರಣ ಪತ್ರಿಕೆಯನ್ನು ತಿರುಗಿಸಿ ಹಿಂಬದಿ ತೋರಿಸಿದರು. ಮಧ್ಯಾಹ್ನದ ಭೋಜನದ ಪ್ರಾಯೋಜಕರು ಊರಿನ ಔಷಧ ಅಂಗಡಿಯವರೇ.