ತೌಡಿನ ನೀರಿನಿಂದ ಶಾಮಿಯಾನಕ್ಕೆ ಅಗ್ನಿರಕ್ಷೆ: ಹರಿದಾಡುತ್ತಿರುವ ಸಂದೇಶದ ಬಗ್ಗೆ ಸ್ಪಷ್ಟನೆ

ಅಕ್ಕಿ ತೌಡನ್ನು ರಾತ್ರಿಯಿಡೀ ನೆನೆಸಿ, ಸೋಸಿದ ನೀರನ್ನು ಪಾಲಿಯೆಸ್ಟರ್ ಶಾಮಿಯಾನಕ್ಕೆ ಸಿಂಪಡಿಸಿ ಒಣಗಿಸಿದರೆ ಬೆಂಕಿಯೇ ಹತ್ತುವುದಿಲ್ಲ ಎಂಬ ಸಂದೇಶ ಮಂಡ್ಯ, ಮದ್ದೂರು ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು ಮಾತ್ರವಲ್ಲ, ಅಪಾಯಕಾರಿ ಕೂಡ.

ಸಂದೇಶದಲ್ಲಿ ನಿಜದ ಎಳೆಯೊಂದಿದೆ. ತೌಡಿನಲ್ಲಿ ಸಿಗುವ ಫೈಟಿಕ್ ಆಮ್ಲದ ತೂಕದಲ್ಲಿ ಸುಮಾರು ಶೇ 28ರಷ್ಟು ರಂಜಕ (ಫಾಸ್ಫರಸ್) ಇದೆ; ಉರಿ ತಗ್ಗಿಸಲು ನೆರವಾಗುವುದು ಇದೇ. ಶುದ್ಧೀಕರಿಸಿದ ಈ ಆಮ್ಲವನ್ನು ಸೀಗಡಿ ಚಿಪ್ಪಿನಿಂದ ತಯಾರಾಗುವ ಕೈಟೋಸಾನ್ ಜೊತೆ ಪದರ ಪದರವಾಗಿ ಲೇಪಿಸಿದರೆ, ಬಿಸಿ ತಗುಲಿದಾಗ ಬಟ್ಟೆಯ ಮೇಲೆ ಇದ್ದಿಲಿನಂಥ ಪೊರೆ ಕಟ್ಟಿ ಉರಿ ನಿಧಾನವಾಗುತ್ತದೆ ಎಂಬುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಆದರೆ ತೌಡಿನಲ್ಲಿ ಫೈಟಿಕ್ ಆಮ್ಲ ಮೆಗ್ನೀಸಿಯಂ, ಪೊಟ್ಯಾಸಿಯಂಗಳ ಲವಣವಾಗಿ ಬಂಧಿತವಾಗಿರುವುದರಿಂದ, ಸಾಮಾನ್ಯವಾಗಿ ದುರ್ಬಲಗೊಳಿಸಿದ ಆಮ್ಲ ಬಳಸಿ ಬೇರ್ಪಡಿಸಬೇಕಾಗುತ್ತದೆ. ನೆನೆಸಿದ ನೀರಿನಲ್ಲಿ ಅದರ ಜೊತೆಗೆ ಪಿಷ್ಟ, ಎಣ್ಣೆಯ ಅಂಶಗಳೂ ಸೇರಿಕೊಂಡಿರುತ್ತವೆ. ಇವೆರಡೂ ಉರಿಯುವ ವಸ್ತುಗಳೇ.

ಪಾಲಿಯೆಸ್ಟರ್‌ನ ಸ್ವಭಾವವೂ ಹತ್ತಿಯಂತಲ್ಲ. ಸುಮಾರು 260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಕರಗುತ್ತದೆ, ಹೊತ್ತಿಕೊಂಡರೆ ಉರಿಯುವ ಹನಿಗಳು ಕೆಳಗೆ ಊಟಕ್ಕೆ ಕುಳಿತವರ ಮೇಲೆಯೇ ಬೀಳಬಹುದು. ಫೈಟಿಕ್ ಆಮ್ಲ ನೀರಿನಲ್ಲಿ ಕರಗುವುದರಿಂದ, ಬಟ್ಟೆಗೆ ಗಟ್ಟಿಯಾಗಿ ಬಂಧಿಸದ ಲೇಪ ಮಳೆಗೆ ತೊಳೆದುಹೋಗುತ್ತದೆ. ಸರಿಯಾಗಿ ಮಾಡಿದ ಲೇಪವೂ ಬೆಂಕಿ ಹತ್ತುವುದನ್ನು ತಡಮಾಡುತ್ತದೆಯೇ ಹೊರತು ಅಸಾಧ್ಯವಾಗಿಸುವುದಿಲ್ಲ.

ಈ ಸಂದೇಶವನ್ನು ದಯವಿಟ್ಟು ಯಾರಿಗೂ ಕಳುಹಿಸಬೇಡಿ. ಈಗಾಗಲೇ ಸಿಂಪಡಿಸಿದ್ದರೆ ಆ ಬಟ್ಟೆಯನ್ನು ಸುರಕ್ಷಿತವೆಂದು ಎಣಿಸದೆ, ಅಡುಗೆ ಒಲೆ ಮತ್ತು ಪಟಾಕಿಗಳನ್ನು ಶಾಮಿಯಾನದಿಂದ ದೂರವಿಡಿ. ಅಗ್ನಿನಿರೋಧಕ ಬಟ್ಟೆ ಕೊಳ್ಳುವವರು, ನೀರಿನಲ್ಲಿ ತೊಳೆದ ನಂತರವೂ ಪರೀಕ್ಷೆ ನಡೆದಿದೆಯೇ ಎಂದು ಪ್ರಮಾಣಪತ್ರದಲ್ಲಿ ನೋಡಿಕೊಳ್ಳಿ.