ಒಂದು ಯೂನಿಟ್ಟಿಗೆ ಎಷ್ಟು ದೂರ?

ದೇವಿಮನೆ ಘಟ್ಟದ ತಲೆಯಲ್ಲಿ ಭಾವ ತಮ್ಮ ಎಲೆಕ್ಟ್ರಿಕ್ ಕಾರು ನಿಲ್ಲಿಸಿ ಬ್ಯಾಟರಿ ಶೇಕಡಾ ಎಷ್ಟು ಉಳಿದಿದೆ ಅಂತ ತೋರಿಸಿದರು. 76. ಶಿರಸಿ ಹತ್ತಿರದ ಮನೆಯಿಂದ ಹೊರಟಾಗ 90 ಇತ್ತು. ಹಿಂದಿನ ಸೀಟಿನಲ್ಲಿ ಅಮ್ಮ, ಅಕ್ಕ. ಡಿಕ್ಕಿಯಲ್ಲಿ ಕುಮಟಾದ ನೆಂಟರಿಗೆ ಅಂತ ಬಾಳೆಗೊನೆ, ಜೋನಿಬೆಲ್ಲದ ಡಬ್ಬ, ಹಲಸಿನ ಹಪ್ಪಳ. "ಹೆದ್ರಡ ಭಾವ, ಇಳಿಯಕಾದ್ರೆ ವಾಪಸ್ ಬತ್ತು" ಅಂದರು. ಬಂತು ಕೂಡ. ಘಟ್ಟದ ಬುಡ ಮುಟ್ಟಿದಾಗ 78 ಆಗಿತ್ತು. ಸಂಜೆ ಅದೇ ಘಟ್ಟ ಹತ್ತುವಾಗ 12 ಖಾಲಿ ಆಯಿತು.

ನಾನಿರುವುದು ನಾರ್ವೆಯ ಓಸ್ಲೋದಲ್ಲಿ. ಅಲ್ಲಿ ಎಲೆಕ್ಟ್ರಿಕ್ ಕಾರು ಹೊಸದೇನಲ್ಲ. 2024ರಲ್ಲಿ ಮಾರಾಟವಾದ ಪ್ರತಿ 100 ಹೊಸ ಕಾರುಗಳಲ್ಲಿ ಸುಮಾರು 89 ಎಲೆಕ್ಟ್ರಿಕ್ ಆಗಿದ್ದವು. ಊರಿಗೆ ಬಂದಾಗಲೆಲ್ಲ ಇಲ್ಲಿಯವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಫುಲ್ ಚಾರ್ಜಿಗೆ ಎಷ್ಟು ಓಡುತ್ತೆ?" ಅಲ್ಲಿ ಯಾರೂ ಹಾಗೆ ಕೇಳುವುದಿಲ್ಲ. ಹತ್ತು ಕಿಲೋಮೀಟರಿಗೆ ಎಷ್ಟು ಕರೆಂಟು ತಿನ್ನುತ್ತೆ ಅಂತ ಕೇಳುತ್ತಾರೆ. ಹತ್ತು ಕಿಲೋಮೀಟರಿಗೆ ಅವರ ಮಾತಿನಲ್ಲಿ ಒಂದು 'ಮೀಲ್'. ನಮ್ಮ ಅಜ್ಜಂದಿರು ಹರದಾರಿ ಲೆಕ್ಕದಲ್ಲಿ ದಾರಿ ಹೇಳುತ್ತಿದ್ದರಲ್ಲ, ಹಾಗೆಯೇ. ಬೇಸಿಗೆಯಲ್ಲಿ ಒಂದೂವರೆ ಯೂನಿಟ್, ಚಳಿಗಾಲದಲ್ಲಿ ಎರಡರ ಮೇಲೆ ಅಂತ ಆಫೀಸಿನ ಕಾಫಿ ಹೊತ್ತಿನಲ್ಲಿ ಮಾತಾಡಿಕೊಳ್ಳುತ್ತಾರೆ.

ಈ ಪ್ರಶ್ನೆ ನಮ್ಮ ಊರಿಗೂ ಬರಬೇಕು ಅನ್ನೋದು ನನ್ನ ಆಸೆ. ಬರುವುದು ಕಷ್ಟವೂ ಅಲ್ಲ. ತೋಟಕ್ಕೆ ಪಂಪ್‌ಸೆಟ್ ಇಟ್ಟವರಿಗೆ, ತಿಂಗಳ ಬಿಲ್ ನೋಡುವವರಿಗೆ ಯೂನಿಟ್ ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ ಅಲ್ವಾ?

ಭಾವನ ಕಾರಿನ ಬ್ಯಾಟರಿ 30 ಯೂನಿಟ್ ಹಿಡಿಯುತ್ತದೆ. ಆ ದಿನ ಕುಮಟಾಕ್ಕೆ ಹೋಗಿ ಮನೆ ಸೇರಿದಾಗ ಶೇಕಡಾ 34 ಉಳಿದಿತ್ತು. ಅಂದರೆ 120 ಕಿಲೋಮೀಟರಿಗೆ ಸುಮಾರು 17 ಯೂನಿಟ್, ಯೂನಿಟ್ಟಿಗೆ 7 ಕಿಲೋಮೀಟರು. ಪೂರ್ತಿ ಬ್ಯಾಟರಿಗೆ ಲೆಕ್ಕ ಹಾಕಿದರೆ 210. ಕೊಳ್ಳುವಾಗ ಅವರಿಗೆ ಹೇಳಿದ್ದು 300ಕ್ಕೂ ಜಾಸ್ತಿ. ಮೊದಲ ತಿಂಗಳು ಬ್ಯಾಟರಿಯೇ ಹಾಳಿರಬೇಕು ಅಂತ ಅವರು ರಾತ್ರಿ ನಿದ್ದೆಗೆಟ್ಟು ಚಿಂತೆ ಮಾಡಿದ್ದರಂತೆ. ಅಕ್ಕ ಫೋನಿನಲ್ಲಿ ಇದನ್ನು ಹೇಳಿದಾಗ ನನಗೆ ತುಂಬಾ ಬೇಜಾರಾಗಿತ್ತು. ಬ್ಯಾಟರಿ ಚೆನ್ನಾಗಿಯೇ ಇತ್ತು. ಅವರಿಗೆ ಕೊಟ್ಟ ಅಂಕಿ ನಮ್ಮ ದಾರಿಯದ್ದಾಗಿರಲಿಲ್ಲ, ಅಷ್ಟೇ.

ಆ ಅಂಕಿ ಬರುವುದು ಪ್ರಯೋಗಶಾಲೆಯ ರೋಲರಿನ ಮೇಲೆ ಕಾರು ಓಡಿಸಿ. ಭಾರತದ ಪರೀಕ್ಷೆಯಲ್ಲಿ ವೇಗ 90ರ ಮೇಲೆ ಹೋಗುವುದಿಲ್ಲ. ಇದು ಯುರೋಪಿನ ಹಳೆ ಪರೀಕ್ಷೆಯನ್ನೇ ಸ್ವಲ್ಪ ಬದಲಿಸಿ ಮಾಡಿಕೊಂಡದ್ದು. ಯುರೋಪಿನವರು ಆ ಹಳೆಯದನ್ನು ಬಿಟ್ಟು 2017ರಿಂದ ಇನ್ನೂ ಬಿಗಿಯಾದ ಪರೀಕ್ಷೆಗೆ ಹೋದರು. ಅದರಲ್ಲಿ ವೇಗ 130ರ ತನಕ ಏರುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. 80ರಲ್ಲಿ ಹೋಗುವವನಿಗಿಂತ 100ರಲ್ಲಿ ಹೋಗುವವನಿಗೆ ಆ ತಡೆ ಒಂದೂವರೆ ಪಟ್ಟು. ಕಾರವಾರದಿಂದ ಹೊನ್ನಾವರದ ಕಡೆ ಹೆದ್ದಾರಿ 66 ಅಗಲವಾದ ಮೇಲೆ ಎಲ್ಲರ ಕಾಲೂ ಭಾರ ಆಗಿದೆ. ಘಟ್ಟ ಇಲ್ಲದ ಸಪಾಟು ದಾರಿಯಲ್ಲೂ ಚಾರ್ಜು ಬೇಗ ಖಾಲಿ ಆಗುವುದು ಇದಕ್ಕೇ.

ಇನ್ನು ಘಟ್ಟದ ಲೆಕ್ಕ. ನನಗೆ ತುಂಬಾ ಇಷ್ಟವಾದ ಲೆಕ್ಕ ಇದು. ಜನ, ಸಾಮಾನು ಸೇರಿ ಕಾರು 1,700 ಕಿಲೋ ಅಂತ ಇಟ್ಟುಕೊಳ್ಳಿ. ಅದನ್ನು 450 ಮೀಟರ್ ಮೇಲಕ್ಕೆತ್ತಲು ಸುಮಾರು 2 ಯೂನಿಟ್ ಬೇಕು. ಮುಂದೆ ಸಾಗಲು ಬೇಕಾದದ್ದು ಬೇರೆ. ಮೋಟರಿನಲ್ಲಿ ಬಿಸಿಯಾಗಿ ಹೋಗುವುದು ಮತ್ತೂ ಬೇರೆ. ಇಳಿಯುವಾಗ ಮೋಟರು ಡೈನಮೋ ಆಗುತ್ತದೆ, ಚಕ್ರವೇ ಕರೆಂಟು ಮಾಡಿ ಬ್ಯಾಟರಿಗೆ ಕಳಿಸುತ್ತದೆ. ಆದರೆ ಆ 2 ಯೂನಿಟ್ಟಿನಲ್ಲಿ ಅರ್ಧದಷ್ಟು ಕಾರು ಉರುಳುವುದಕ್ಕೇ ಹೋಗುತ್ತದೆ. ಉಳಿದದ್ದರಲ್ಲೂ ಒಂದಿಷ್ಟು ಸೋರುತ್ತದೆ. ಅದಕ್ಕೇ ಇಳಿಯುವಾಗ ಶೇಕಡಾ 2 ಬಂತು, ಹತ್ತುವಾಗ ಶೇಕಡಾ 12 ಹೋಯಿತು. ಅದು ನಷ್ಟವೂ ಅಲ್ಲ. ಪೆಟ್ರೋಲ್ ಕಾರಿನಲ್ಲಿ ಇಳಿಯುವಾಗ ಬ್ರೇಕ್ ಸವೆದು ವಾಸನೆ ಬರುತ್ತದೆಯೇ ಹೊರತು ಟ್ಯಾಂಕಿಗೆ ಒಂದು ಹನಿಯೂ ವಾಪಸ್ ಬರುವುದಿಲ್ಲ. ಒಂದು ಮಾತು ಮಾತ್ರ ನೆನಪಿಡಿ. ಘಟ್ಟದ ತಲೆಯಲ್ಲೇ ಮನೆ ಇರುವವರು 100ಕ್ಕೆ ತುಂಬಿಸಿ ಇಳಿಯಬೇಡಿ. ತುಂಬಿದ ಕೊಡಕ್ಕೆ ನೀರು ಹಾಕಿದ ಹಾಗೆ, ಬಂದ ಕರೆಂಟಿಗೆ ಜಾಗವೇ ಇರುವುದಿಲ್ಲ.

ನಾರ್ವೆಯಲ್ಲಿ ಗುಡ್ಡವೂ ಇದೆ, ಚಳಿಯೂ ಇದೆ. ಕಾರಿನ ಒಳಗೆ ಬಿಸಿ ಮಾಡಲು ಹೀಟರ್ ಎಳೆಯುವ ಕರೆಂಟು ನಮ್ಮ ಏಸಿಗಿಂತ ಎಷ್ಟೋ ಜಾಸ್ತಿ. ಹೊರಡುವ ಮುಂಚೆ ಪ್ಲಗ್ಗಿನಲ್ಲಿ ಇರುವಾಗಲೇ ಕಾರು ಬಿಸಿ ಮಾಡಿಕೊಳ್ಳುತ್ತೇವೆ. ಆದರೆ ನನಗೆ ಅಲ್ಲಿ ಮೆಚ್ಚುಗೆಯಾದದ್ದು ಬೇರೆಯೇ. ಅಲ್ಲಿನ ವಾಹನ ಸಂಘ 2020ರಿಂದ ಪ್ರತಿ ಚಳಿಗಾಲ, ಪ್ರತಿ ಬೇಸಿಗೆ ಇಪ್ಪತ್ತರಷ್ಟು ಕಾರುಗಳನ್ನು ಸಾಲಾಗಿ ಹೊರಡಿಸುತ್ತದೆ. ಓಸ್ಲೋದಿಂದ ಹೊರಟು, ಬೆಟ್ಟದ ದಾರಿ ಹತ್ತಿ, ಎಲ್ಲವೂ ಒಂದೇ ದಾರಿಯಲ್ಲಿ, ಚಾರ್ಜು ಮುಗಿದು ನಿಲ್ಲುವ ತನಕ ಓಡಬೇಕು. ಯಾವುದು ಎಲ್ಲಿ ನಿಂತಿತು, ಕಂಪನಿ ಹೇಳಿದ್ದಕ್ಕೆ ಎಷ್ಟು ಕಡಿಮೆ ಬಂತು, ಎಲ್ಲ ಬಹಿರಂಗ. ಕೊಳ್ಳುವವರು ಮೊದಲು ನೋಡುವುದೇ ಆ ಪಟ್ಟಿ. ಸುಳ್ಳು ಹೇಳಿ ಮಾರುವ ದಾರಿ ಅಲ್ಲಿಗೇ ಮುಚ್ಚಿತು.

ಇಲ್ಲೂ ಗಾಳಿ ಬದಲಾಗುತ್ತಿದೆ. ಟಾಟಾದವರು ಪ್ರಯೋಗಶಾಲೆಯ ಅಂಕಿಯ ಜೊತೆಗೆ ಸಿ75 ಅಂತ ಇನ್ನೊಂದು ಅಂಕಿ ಕೊಡುತ್ತಾರೆ. 100 ಜನರಲ್ಲಿ 75 ಜನಕ್ಕೆ ರಸ್ತೆಯಲ್ಲಿ ಸಿಗಬಹುದಾದ ದೂರ ಅದು. ನೆಕ್ಸಾನ್‌ನ 45 ಯೂನಿಟ್ ಕಾರಿಗೆ ಮೊದಲನೆಯದು 489, ಎರಡನೆಯದು 350ರ ಆಸುಪಾಸು. ಎರಡನ್ನೂ ಪಕ್ಕಪಕ್ಕ ಇಟ್ಟದ್ದು ಒಳ್ಳೆಯ ಕೆಲಸ. ಎಲ್ಲ ಕಂಪನಿಯವರೂ ಹೀಗೇ ಮಾಡಬೇಕು.

ಭಾವ ಈಗ ಚಿಂತೆ ಬಿಟ್ಟು ಪುಸ್ತಕ ಹಿಡಿದಿದ್ದಾರೆ. ಅಡಿಕೆ ಕೊಯ್ಲಿನ ಲೆಕ್ಕ ಬರೆಯುವ ಪುಸ್ತಕದ ಹಿಂಬದಿಯಿಂದ ಶುರು ಮಾಡಿದ್ದಾರೆ. ತಾರೀಕು, ದಾರಿ, ಹೊರಟಾಗ ಎಷ್ಟು, ಬಂದಾಗ ಎಷ್ಟು, ಎಷ್ಟು ಜನ, ಮಳೆಯೋ ಬಿಸಿಲೋ. ಚಾರ್ಜಿಗೆ ಹಾಕುವ ಮುಂಚೆ ಮನೆಯ ಮೀಟರ್ ಕೂಡ ಬರೆದಿಡುತ್ತಾರೆ. ಕುಮಟಾ ತಿರುಗಾಟದ 17 ಯೂನಿಟ್ ತುಂಬಲು ಮೀಟರಿನಲ್ಲಿ 19 ಓಡಿತ್ತು. ಚಾರ್ಜ್ ಆಗುವಾಗಲೂ ಹತ್ತರಲ್ಲಿ ಒಂದು ಭಾಗ ಸೋರುತ್ತದೆ, ದುಡ್ಡು ಕೊಡುವುದು ಮೀಟರಿನ ಅಂಕಿಗೆ. ಇದನ್ನು ಓಸ್ಲೋದಲ್ಲಿ ನಾನೇ ಇಷ್ಟು ಚಂದಕ್ಕೆ ಬರೆದಿಟ್ಟಿಲ್ಲ. ಮಳೆಗಾಲದ ಹಾಳೆಯಲ್ಲಿ ಅದೇ ಕುಮಟಾ ದಾರಿಗೆ ಯೂನಿಟ್ಟಿಗೆ 6 ಅಂತಿದೆ. ನೀರು ನಿಂತ ರಸ್ತೆ ಚಕ್ರ ಹಿಡಿಯುತ್ತದೆ, ಗಾಜಿನ ಮಂಜು ಹೋಗಲು ಏಸಿ ಬೇಕು. ಒಂದು ಕಡೆ ಪೆನ್ಸಿಲ್ಲಿನಲ್ಲಿ "ಮೂರು ದಿನ ಕರೆಂಟಿಲ್ಲ, ಕಾರು ಮನೆಯಲ್ಲೇ" ಅಂತ ಬರೆದಿದ್ದಾರೆ. ಕೈಗಾ, ನಾಗಝರಿ, ಕದ್ರಾ ಇರುವ ಜಿಲ್ಲೆ ನಮ್ಮದು. ಊರಿಗೆಲ್ಲ ಕರೆಂಟು ಕೊಟ್ಟ ಜಿಲ್ಲೆಯ ಹಳ್ಳಿಮನೆಗೆ ಮಳೆಗಾಲದಲ್ಲಿ ಕರೆಂಟು ನಿಲ್ಲದಿರಲಿ ಅಂತ ಕೇಳುವುದು ಜಾಸ್ತಿಯಾಯಿತೇ?

ಒಬ್ಬರ ಪುಸ್ತಕ ಒಬ್ಬರ ಮನೆಗಷ್ಟೇ. ಕಾರವಾರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ಹಳಿಯಾಳದಲ್ಲೂ ಒಂದು ಕಾಲೇಜಿದೆ. ಆ ಹುಡುಗ ಹುಡುಗಿಯರು ವರ್ಷಕ್ಕೆರಡು ಸಲ, ಏಪ್ರಿಲ್‌ನ ಸೆಕೆಯಲ್ಲಿ ಒಮ್ಮೆ, ಜುಲೈ ಮಳೆಯಲ್ಲಿ ಒಮ್ಮೆ, ನಾಲ್ಕಾರು ಕಾರು ತೆಗೆದುಕೊಂಡು ಹೊರಡಲಿ. ಕಾರವಾರದಿಂದ ಭಟ್ಕಳಕ್ಕೆ ಸಪಾಟು ದಾರಿ. ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರಕ್ಕೆ. ಕುಮಟಾದಿಂದ ದೇವಿಮನೆ ಹತ್ತಿ ಶಿರಸಿಗೆ. ಪ್ರತಿ ದಾರಿಗೂ ಹೋಗುವಾಗ ಯೂನಿಟ್ಟಿಗೆ ಎಷ್ಟು, ಬರುವಾಗ ಎಷ್ಟು ಅಂತ ದೊಡ್ಡ ಅಕ್ಷರದಲ್ಲಿ ಬರೆದು, ಅಡಿಕೆ ವ್ಯಾಪಾರಕ್ಕೆ ಜನ ಸೇರುವ ಸೊಸೈಟಿಯ ಗೋಡೆಗೆ ಅಂಟಿಸಲಿ. ಪುಸ್ತಕ ಕೊಡಲು ಭಾವ ಒಪ್ಪಿದ್ದಾರೆ. ಮುಂದಿನ ಏಪ್ರಿಲ್‌ಗೆ ನಾನೂ ರಜೆ ಹಾಕಿದ್ದೇನೆ.