ಟೊಮೆಟೊ ಇಡೋಣ್ವಾ, ಬೇಡ್ವಾ?

ಮೊನ್ನೆ ಬೆಂಗಳೂರಿನ ಗೆಳೆಯನೊಬ್ಬ ಫೋನಿನಲ್ಲಿ ನಕ್ಕ. "ನಿಮ್ಮ ಕೋಲಾರದವರಿಗೆ ಬುದ್ಧಿ ಬರೋದು ಯಾವಾಗ ಮಾರಾಯಾ? ರೇಟ್ ಬಂದರೆ ಎಲ್ಲರೂ ಟೊಮೆಟೊ ಇಡ್ತೀರ, ಬಿದ್ದರೆ ರಸ್ತೆಗೆ ಸುರೀತೀರ." ಆಗ ಉತ್ತರ ಹೊಳೆಯಲಿಲ್ಲ. ಇಲ್ಲಿ ಹೇಳುತ್ತೇನೆ.

2023ರ ಜುಲೈ ನೆನಪಿದೆಯಲ್ವಾ? ನಮ್ಮ ಮಂಡಿಯಲ್ಲಿ 15 ಕೆಜಿ ಬಾಕ್ಸ್ 2 ಸಾವಿರ ದಾಟಿತ್ತು. ಚಿಕ್ಕಪ್ಪನ ತೋಟದಲ್ಲಿ ಆಗ ಒಂದು ಗಿಡವೂ ಇರಲಿಲ್ಲ. ಹಿಂದಿನ ಬೆಳೆಯಲ್ಲಿ ಕೈ ಸುಟ್ಟುಕೊಂಡಿದ್ದರು. ಆ ರೇಟ್ ನೋಡಿ ಸಸಿ ತರಲು ಓಡಿದರು. ನರ್ಸರಿ ಮುಂದೆ ಜಾತ್ರೆ. ನಾಟಿ ಮಾಡಿ ಎರಡು ತಿಂಗಳಿಗೆ ಹಣ್ಣು ಬರುವ ಹೊತ್ತಿಗೆ ರೇಟ್ ನೆಲ ಕಚ್ಚಿತ್ತು.

"ಹಾಗಾದ್ರೆ ರೇಟ್ ಬಿದ್ದಾಗ ಇಡಬೇಕು" ಅನ್ನುವ ಜಾಣರೂ ಊರಲ್ಲಿ ಇದ್ದಾರೆ. ಸರಿ. ಆ ಮಾತನ್ನು ಎಲ್ಲರೂ ನಂಬಿದರೆ? ಬಿದ್ದಾಗಲೂ ಎಲ್ಲರೂ ಇಡುತ್ತಾರೆ, ಮತ್ತೆ ಅದೇ ಕಥೆ.

ಇದೇ ಗಂಟನ್ನು ಬ್ರಯಾನ್ ಆರ್ಥರ್ ಎಂಬ ಅರ್ಥಶಾಸ್ತ್ರಜ್ಞ 1994ರಲ್ಲಿ ಒಂದು ಬಾರಿನ ಕಥೆಯಾಗಿ ಬರೆದರು. ಅಮೆರಿಕದ ಸಾಂಟಾ ಫೆ ಊರಿನ ಎಲ್ ಫರೋಲ್ ಬಾರ್. ಗುರುವಾರ ಅಲ್ಲಿ ಸಂಗೀತ. ಹೋಗಬಹುದಾದವರು 100 ಜನ. 60ಕ್ಕಿಂತ ಕಡಿಮೆ ಜನ ಬಂದರೆ ಮಜಾ, ಜಾಸ್ತಿಯಾದರೆ ಉಸಿರು ಕಟ್ಟುತ್ತದೆ. ಇವತ್ತು ಖಾಲಿ ಇರುತ್ತದೆ ಅಂತ ಎಲ್ಲರೂ ಲೆಕ್ಕ ಹಾಕಿದರೆ ಬಾರ್ ತುಂಬುತ್ತದೆ. ತುಂಬಿರುತ್ತದೆ ಅಂದುಕೊಂಡರೆ ಖಾಲಿ. ಎಲ್ಲರಿಗೂ ಒಟ್ಟಿಗೆ ಸರಿಹೋಗುವ ಲೆಕ್ಕವೇ ಇಲ್ಲ. ಭೌತಶಾಸ್ತ್ರದವರು 1997ರಲ್ಲಿ ಇದನ್ನೇ ಮೈನಾರಿಟಿ ಗೇಮ್, ಅಂದರೆ ಕಡಿಮೆ ಜನ ಇರುವ ಕಡೆಯವರೇ ಗೆಲ್ಲುವ ಆಟ, ಅಂತ ಮಾಡಿ ಷೇರುಪೇಟೆಯ ಏರಿಳಿತ ಅರ್ಥ ಮಾಡಿಕೊಳ್ಳಲು ಬಳಸಿದರು.

ಆರ್ಥರ್ ಕಂಪ್ಯೂಟರಿನಲ್ಲಿ ಆಡಿಸಿ ನೋಡಿದಾಗ ಜನ ಸರಾಸರಿ 60ರ ಸುತ್ತಲೇ ಬಂದರು. ಸರಾಸರಿ ನೋಡುವವರಿಗೆ ಎಲ್ಲ ಸರಿಯಿದೆ. ಆದರೆ ಬಾರಿನಲ್ಲಿ ತಪ್ಪಿದರೆ ಒಂದು ಸಂಜೆ ಹಾಳು. ಇಲ್ಲಿ ಕಡ್ಡಿ, ದಾರ, ಔಷಧಿ, ಕೂಲಿ ಸೇರಿ ಎಕರೆಗೆ ಲಕ್ಷ ದಾಟುತ್ತದೆ.

ಇಂಥ ಆಟಕ್ಕೂ ಗಣಿತಜ್ಞ ಜಾನ್ ನ್ಯಾಶ್ ಹೇಳಿದ ಸಮತೋಲನ ಇದೆ. ಅಂದರೆ, ಉಳಿದವರು ಬದಲಾಗದಿದ್ದರೆ ಒಬ್ಬನೇ ಬದಲಾಗಿ ಲಾಭವಿಲ್ಲ ಅನ್ನುವ ಸ್ಥಿತಿ. ಅದರ ಒಂದು ರೂಪ, ಪ್ರತಿಯೊಬ್ಬರೂ ಚೀಟಿ ಎತ್ತಿದ ಹಾಗೆ ತೀರ್ಮಾನಿಸುವುದು. ಚಿಕ್ಕಪ್ಪನಿಗೆ ಹೇಳಿದೆ. "ಸಾಲ ತೀರಿಸೋಕೂ ಚೀಟಿನೇ ಎತ್ತಲಾ?" ಅಂದರು.

ಬೋರ್‌ವೆಲ್ ಕಥೆಯೂ ಹೀಗೇ ಅಂತ ಕೆಲವರು ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಪಕ್ಕದವನು ಸಾವಿರ ಅಡಿ ಕೊರೆದರೆ ನಾನು ಸಾವಿರದ ಇನ್ನೂರು. ಅದು ಕೈದಿಗಳ ಇಕ್ಕಟ್ಟು, ಒಬ್ಬೊಬ್ಬರೂ ತಮ್ಮ ಲಾಭ ನೋಡಿಕೊಂಡು ಕೊನೆಗೆ ಎಲ್ಲರೂ ಸೋಲುವ 1950ರ ಹಳೇ ಆಟ. ಅಲ್ಲಿ ಎಲ್ಲರೂ ಒಂದೇ ಥರ ಕೈ ಬಿಗಿ ಹಿಡಿದರೆ ಎಲ್ಲರಿಗೂ ಲಾಭ. ಕೆರೆ ತೂಬು ಎತ್ತಿ ಎಲ್ಲರ ಗದ್ದೆಗೂ ನೀರು ಹಂಚುತ್ತಿದ್ದ ನೀರುಗಂಟಿ ಮಾಡುತ್ತಿದ್ದದ್ದು ಅದೇ ಕೆಲಸ. ಇಂಥ ಊರಿನ ಕಟ್ಟಳೆಗಳನ್ನು ಅಧ್ಯಯನ ಮಾಡಿದ ಎಲಿನರ್ ಆಸ್ಟ್ರಮ್ ಅವರಿಗೆ 2009ರಲ್ಲಿ ನೊಬೆಲ್ ಬಂತು. ಟೊಮೆಟೊದಲ್ಲಿ ಉಲ್ಟಾ. ಎಲ್ಲರೂ ಒಂದೇ ಥರ ಮಾಡಿದ್ದೇ ಕಷ್ಟ.

ಅದಕ್ಕೇ "ಮಾರುಕಟ್ಟೆ ನೋಡಿ ಬೆಳೆ ಇಡಿ" ಅನ್ನುವ ಭಾಷಣ ಕೇಳಿದರೆ ನನಗೆ ರೇಗುತ್ತದೆ. ಎಲ್ಲರೂ ನೋಡುವುದು ಅದೇ ಮಾರುಕಟ್ಟೆಯನ್ನು ತಾನೇ? ಇವತ್ತಿನ ರೇಟ್ ಬೇಡ, ಈ ವಾರ ನರ್ಸರಿಗಳಿಂದ ಎಷ್ಟು ಸಸಿ ಹೋಯಿತು, ಅದನ್ನು ಹೇಳಿ. ನಮ್ಮಲ್ಲೂ, ಗಡಿಯಾಚೆ ಆಂಧ್ರದ ಮದನಪಲ್ಲಿಯಲ್ಲೂ. ಈಗ ಎಲ್ಲರೂ ಕಣ್ಣು ಕಟ್ಟಿಕೊಂಡು ಒಟ್ಟಿಗೆ ಆಡುತ್ತಿದ್ದೇವೆ. ಸಸಿ ಲೆಕ್ಕ ಸಿಕ್ಕರೆ ಹಿಂದೆ ಬಂದವನು ಮುಂದಿನವನು ಏನು ಮಾಡಿದ ಅಂತ ನೋಡಿ ಕಾಲಿಡಬಹುದು. ರೇಟ್ ಏಳುಬೀಳು ಪೂರ್ತಿ ನಿಲ್ಲಲ್ಲ, ನನಗೂ ಗೊತ್ತು. ಮಳೆ ಇದೆ, ರೋಗ ಇದೆ.

ನಿನ್ನೆ ಚಿಕ್ಕಪ್ಪನನ್ನು ಕೇಳಿದೆ, ಈ ಸಲ ಏನು ಅಂತ. "ಬೀನ್ಸ್. ಯಾರಿಗೂ ಹೇಳಬೇಡ" ಅಂದರು. ಅವರು ಫೇಸ್‌ಬುಕ್ ನೋಡಲ್ಲ ಅನ್ನುವ ಧೈರ್ಯದ ಮೇಲೆ ಬರೆದಿದ್ದೇನೆ.